ಉದುರಿದೆಲೆಯ ರಾಶಿ ಗೊಬ್ಬರವಾಗುತ್ತಿಲ್ಲ, ತಳದಲ್ಲಿ ಕೆಟ್ಟ ವಾಸನೆ

ಹಸಿರುಬೇಲಿ: ಎಲೆ ಉದುರಲು ಶುರುವಾದಾಗ ಗುಡಿಸಿ ಒಟ್ಟಿದ ರಾಶಿ ಇದು. ಉದ್ದ, ಅಗಲ ನಾಲ್ಕು ಅಡಿ, ಎತ್ತರ ಎರಡೂವರೆ ಅಡಿ. ಆರು ವಾರವಾದರೂ ಮೇಲಿನ ಎಲೆ ಗರಿಗರಿಯಾಗಿಯೇ ಇದೆ, ನಡುವೆ ಕೈ ಹಾಕಿದರೆ ಬಿಸಿ ತಾಗುವುದಿಲ್ಲ. ತಳದಲ್ಲಿ ಮಾತ್ರ ಎಲೆಗಳು ಒದ್ದೆ ಕಾಗದದಂತೆ ಒಂದಕ್ಕೊಂದು ಅಂಟಿ, ಕೊಳೆತ ಮೊಟ್ಟೆಯ ವಾಸನೆ. ವಾರಕ್ಕೊಮ್ಮೆ ಮೇಲಿನಿಂದ ಪೈಪಿನಲ್ಲಿ ನೀರು ಬಿಡುತ್ತಿದ್ದೇನೆ. ಚಳಿ ಬಲಿಯುವ ಮೊದಲು ಸರಿಪಡಿಸಬಹುದೇ?

ಎರೆಹುಳು: ಖಂಡಿತ. ಮೊದಲು ಪೈಪ್ ನಿಲ್ಲಿಸಿ. ಒಣ ಎಲೆಯ ಮೇಣದ ಮೈ ನೀರನ್ನು ಹಿಡಿಯದೆ ಜಾರಿಸಿಬಿಡುತ್ತದೆ. ಆ ನೀರೆಲ್ಲ ಸಂದಿಯಲ್ಲಿಳಿದು ತಳದಲ್ಲಿ ನಿಂತಿದೆ. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ವಾಸನೆ ಅದರದ್ದೇ.

ರಾಶಿಯನ್ನು ಪೂರ್ತಿ ಬಿಚ್ಚಿ, ಅಂಟಿದ ಪದರಗಳನ್ನು ಕೈಯಿಂದಲೇ ಬಿಡಿಸಿ ಒಂದು ದಿನ ಗಾಳಿಗೆ ಹರಡಿ. ಆಮೇಲೆ ಹುಲ್ಲು ಕತ್ತರಿಸುವ ಯಂತ್ರವನ್ನು ಒಣಗಿದ ಎಲೆಯ ಮೇಲೆ ಎರಡು ಸಲ ಓಡಿಸಿ. ಈ ಕೆಲಸ ಬಿಟ್ಟರೆ ಮಿಕ್ಕದ್ದೆಲ್ಲ ಅರ್ಧ ಫಲ. ಚೂರಾದ ಎಲೆ ನೀರು ಹೀರುತ್ತದೆ, ಮತ್ತೆ ಅಂಟಿಕೊಳ್ಳುವುದೂ ಕಡಿಮೆ.

ಮತ್ತೆ ಒಟ್ಟುವಾಗ ತಳಕ್ಕೆ ಬೆರಳು ದಪ್ಪದ ಕಡ್ಡಿಗಳನ್ನು ಅರ್ಧ ಅಡಿ ಹಾಸಿ. ಮೇಲೆ ಮೂರು ಬುಟ್ಟಿ ಎಲೆಗೆ ಒಂದು ಬುಟ್ಟಿ ಹಸಿ ಹುಲ್ಲು ಅಥವಾ ಸಗಣಿ, ಪದರ ಪದರವಾಗಿ. ನೀರು ಹಾಕಬೇಕಾದದ್ದು ಆಗಲೇ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಬೇಕು, ಧಾರೆಯಾಗಿ ಇಳಿಯಬಾರದು. ಚೂರಾದ ಮೇಲೆ ರಾಶಿ ಅರ್ಧಕ್ಕರ್ಧ ಕುಗ್ಗುತ್ತದೆ. ಅದಕ್ಕೇ ಉದ್ದ, ಅಗಲ ಮೂರಡಿಗೆ ಇಳಿಸಿ, ಎತ್ತರ ಮೂರಡಿ ಬರುವಂತೆ ನೋಡಿಕೊಳ್ಳಿ. ಅದಕ್ಕಿಂತ ಚಿಕ್ಕದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ.

ಹಸಿರುಬೇಲಿ: ಈಗ ಹಸಿ ಹುಲ್ಲೂ ಇಲ್ಲ, ಸಗಣಿಯೂ ಇಲ್ಲ. ಯೂರಿಯಾ ಆಗುತ್ತದೆಯೇ? ಇನ್ನೊಂದು: ಕಪ್ಪುಚುಕ್ಕೆ ರೋಗದ ಗುಲಾಬಿ ಎಲೆಯೂ ಇದರಲ್ಲಿ ಸೇರಿಹೋಗಿದೆ.

ಕುಡುಗೋಲು: ಯೂರಿಯಾ ಆಗುತ್ತದೆ. ಒಣ ಎಲೆಯಲ್ಲಿ ಇಂಗಾಲ–ಸಾರಜನಕದ ಅನುಪಾತ ಸುಮಾರು 60:1 ಎಂದುಕೊಳ್ಳಿ, ಮರದಿಂದ ಮರಕ್ಕೆ ಬದಲಾಗುತ್ತದೆ. ಬೇಗ ಕೊಳೆಯಲು ಬೇಕಾದದ್ದು 30:1. ಯೂರಿಯಾದಲ್ಲಿ ಸಾರಜನಕ 46% ಇರುವುದರಿಂದ 10 ಕೆಜಿ ಒಣ ಎಲೆಗೆ 150 ಗ್ರಾಂ ಸಾಕು. ಬಕೆಟ್ ನೀರಿನಲ್ಲಿ ಕರಗಿಸಿ ಪ್ರತಿ ಪದರಕ್ಕೂ ಚಿಮುಕಿಸಿ. ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಒಣ ಎಲೆ ಬೆರೆಸಿ. ದಯವಿಟ್ಟು ಜತೆಗೆ ಸುಣ್ಣ ಹಾಕಬೇಡಿ, ಹಾಕಿದ ಸಾರಜನಕವೆಲ್ಲ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಗುಲಾಬಿ ಎಲೆ ಕಣ್ಣಿಗೆ ಬಿದ್ದಷ್ಟನ್ನು ಆರಿಸಿ ತೆಗೆಯಿರಿ. ರಾಶಿಯ ನಡುವೆ ರೋಗಾಣು ಸಾಯುವಷ್ಟು ಬಿಸಿಯಾಗಿ 55 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅಂಚಿನ ಎಲೆಗೆ ಆ ಬಿಸಿ ತಟ್ಟುವುದಿಲ್ಲ. ಮಗುಚುವಾಗ ಹೊರಗಿನದ್ದು ಒಳಕ್ಕೆ ಬರಲಿ. ಈ ಸಲದ ಗೊಬ್ಬರವನ್ನು ಗುಲಾಬಿ ಬುಡಕ್ಕೆ ಮಾತ್ರ ಹಾಕಬೇಡಿ.

ಎರೆಹುಳು: ಮಗುಚಲು ತಾರೀಖು ನೋಡುವ ಬದಲು ಬಿಸಿ ನೋಡಿ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ, 40 ಡಿಗ್ರಿಗಿಂತ ಕೆಳಗಿಳಿದಾಗ ಮಗುಚಿ. ಮಗುಚಿದ ಮೇಲೂ ಬಿಸಿ ಏರದಿದ್ದರೆ ಮೊದಲು ತೇವ ಪರೀಕ್ಷಿಸಿ, ಸಾರಜನಕದ ಯೋಚನೆ ಆಮೇಲೆ. ಮೇಲೆ ಗೋಣಿಚೀಲ ಹೊದಿಸಿದರೆ ಮಳೆನೀರೂ ನೇರವಾಗಿ ಇಳಿಯದು, ಗಾಳಿಯೂ ಆಡುತ್ತದೆ. ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದರೆ ಮತ್ತೆ ಅದೇ ವಾಸನೆ.