ಬೀದರಿಗೆ ಹೊರಡುವ ಮೊದಲು ಚೈನು ಸಡಿಲು ಮಾಡು

ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗ ನೋಡಿದೆ. ಬೈಕಿನ ಚೈನು ಕಟಕಟ ಎನ್ನುತ್ತಿತ್ತು, ಮೆಕ್ಯಾನಿಕ್ ಬಿಗಿ ಮಾಡಿಕೊಟ್ಟ ಮೇಲೆ ಅದು ನಿಂತು ಗುಂಯ್ ಎನ್ನುವ ಸದ್ದು ಶುರುವಾಗಿದೆ, ಭಾನುವಾರ ಅವ್ವನನ್ನು ಹಿಂದೆ ಕೂರಿಸಿಕೊಂಡು ಝರಣಿ ನರಸಿಂಹನ ದರ್ಶನಕ್ಕೆ ಬೀದರಿಗೆ ಹೋಗಬಹುದೇ ಎಂದು ಕೇಳಿದ್ದೀಯ. ಬರೆದು ತಿಳಿಸಲು ಆಗದಷ್ಟು ಇದೆ, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ, ಪೂರ್ತಿ ಕೇಳು.

ಚೈನು ಈಗಿರುವ ಸ್ಥಿತಿಯಲ್ಲಿ ಹೋಗಬೇಡ. ಗುಂಯ್ ಎನ್ನುವುದು ಅತಿಯಾಗಿ ಬಿಗಿದ ಚೈನಿನ ಸದ್ದು, ಮತ್ತು ನನ್ನ ಅನುಭವದಲ್ಲಿ ಸ್ವಲ್ಪ ಸಡಿಲಾದ ಚೈನಿಗಿಂತ ಬಿಗಿ ಚೈನೇ ಹೆಚ್ಚು ಹಾನಿ ಮಾಡುತ್ತದೆ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ತಿರುಗುವ ಬೋಲ್ಟು ಒಂದು ಕಡೆ, ಚೈನನ್ನು ಎಳೆಯುವ ಮುಂದಿನ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಅದಕ್ಕಿಂತ ಸ್ವಲ್ಪ ಮುಂದೆ ಇರುವುದರಿಂದ, ಗಾಡಿ ಗುಂಡಿಗೆ ಇಳಿದು ಹಿಂದಿನ ಶಾಕ್ ಒತ್ತಿದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಹೆಚ್ಚುತ್ತದೆ. ನಿಂತ ಗಾಡಿಯಲ್ಲಿ ಕಾಣುವ ಸಡಿಲು ಆ ಹೊತ್ತಿಗೆಂದೇ ಬಿಟ್ಟಿರುವುದು. ಅದು ಇಲ್ಲದಿದ್ದರೆ, ಅದರಲ್ಲೂ ಇಬ್ಬರು ಕೂತಾಗ, ಚೈನು ತಂತಿಯಂತೆ ಸೆಟೆದು ಗೇರ್ ಬಾಕ್ಸಿನ ಶಾಫ್ಟ್ ಬೇರಿಂಗನ್ನೂ ಹಿಂದಿನ ಚಕ್ರದ ಬೇರಿಂಗನ್ನೂ ತಿನ್ನುತ್ತದೆ.

ಅಂಗಳದ ಶಹಾಬಾದ್ ಫರಸಿಯ ಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೋ. ಇಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಚೈನು ಒರೆಸುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ, ಆದ್ದರಿಂದ ಚಕ್ರವನ್ನು ಕೈಯಿಂದಲೇ ತಿರುಗಿಸು. ಎರಡು ಸ್ಪ್ರಾಕೆಟ್‌ಗಳ ನಡುಮಧ್ಯದಲ್ಲಿ ಕೆಳಗಿನ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಸ್ಕೇಲ್ ಹಿಡಿದು ನೋಡು. ನಮ್ಮ ದಿನಬಳಕೆಯ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು, ನಿನ್ನ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಒಂದೇ ಕಡೆ ನೋಡಿ ಬಿಡಬೇಡ. ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲವಾದ್ದರಿಂದ ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆದು, ಎಲ್ಲಿ ಅತಿ ಬಿಗಿಯಿದೆಯೋ ಅಲ್ಲಿಗೆ ಹೊಂದಿಸಬೇಕು.

ಸಡಿಲು ಮಾಡುವಾಗ ಹೆಚ್ಚಿನವರು ತಪ್ಪುವುದು ಒಂದು ಕಡೆ. ಹಿಂದಿನ ಚಕ್ರದ ಎಕ್ಸೆಲ್ ನಟ್ಟನ್ನು, ಸ್ಪ್ರಾಕೆಟ್ ಬದಿಗೆ ಸ್ಲೀವ್ ನಟ್ಟು ಇದ್ದರೆ ಅದನ್ನೂ ಸಡಿಲಿಸಿ, ಎರಡೂ ಬದಿಯಲ್ಲಿ ಚಕ್ರವನ್ನು ಹಿಂದಕ್ಕೆ ಎಳೆದು ಹಿಡಿಯುವ ಅಡ್ಜಸ್ಟರ್ ತಿರುಪುಗಳನ್ನು ಸಮವಾಗಿ ಬಿಚ್ಚಿದರೂ ಚಕ್ರ ತಾನಾಗಿ ಮುಂದೆ ಬರುವುದಿಲ್ಲ. ಹಿಂದಿನಿಂದ ಟೈರಿಗೆ ಕಾಲು ಕೊಟ್ಟು ಒತ್ತಬೇಕು. ಆಮೇಲೆ ಸ್ವಿಂಗ್ ಆರ್ಮಿನ ಮೇಲಿನ ಗೆರೆಗಳು ಎರಡೂ ಬದಿಯಲ್ಲಿ ಒಂದೇ ಲೆಕ್ಕಕ್ಕೆ ಬಂದಿವೆಯೇ ಎಂದು ನೋಡಿ ನಟ್ಟು ಬಿಗಿ ಮಾಡಿ, ಮತ್ತೊಮ್ಮೆ ಅಳೆ, ಏಕೆಂದರೆ ಬಿಗಿಯುವಾಗ ಅಳತೆ ಬದಲಾಗುತ್ತದೆ. ಚಕ್ರ ಮುಂದೆ ಬಂದದ್ದರಿಂದ ಹಿಂದಿನ ಡ್ರಮ್ ಬ್ರೇಕಿನ ರಾಡ್ ಸಡಿಲಾಗಿ ಪೆಡಲ್ ಆಳಕ್ಕೆ ಹೋಗುತ್ತದೆ; ಅದರ ನಟ್ಟನ್ನೂ ಸರಿಪಡಿಸಿ ಬ್ರೇಕ್ ಲೈಟ್ ಹತ್ತುತ್ತದೆಯೇ ಎಂದು ನೋಡಿಕೋ.

ದೊಡ್ಡ ಮಾವನವರು ಇಂಜಿನ್ನಿನಿಂದ ತೆಗೆದ ಹಳೆಯ ಆಯಿಲ್ ಸುರಿ ಎಂದು ಬರೆದಿದ್ದಾರೆ. ಅವರ ಮಾತನ್ನು ಮೀರುತ್ತಿದ್ದೇನೆ, ಕ್ಷಮಿಸಬೇಕು, ಆದರೆ ಆ ಆಯಿಲಿನಲ್ಲಿ ಸವೆದ ಲೋಹದ ಕಣಗಳಿರುತ್ತವೆ, ಜೊತೆಗೆ ಅದು ತೆಳ್ಳಗಿದ್ದು ಟೈರಿಗೆ ಸಿಡಿಯುತ್ತದೆ. ನೀನು ದಿನವೂ ಶಹಾಬಾದಿಗೆ ಓಡಾಡುವವನು. ಅಲ್ಲಿನ ಕಲ್ಲಿನ ಪುಡಿ, ಮಳೆಗಾಲದಲ್ಲಿ ನಮ್ಮ ಎರೆ ಮಣ್ಣು, ಎರಡೂ ಎಣ್ಣೆಯೊಂದಿಗೆ ಕಲೆತು ಪಾಲಿಶ್ ಕಾಗದದಂತೆ ಉಜ್ಜುತ್ತವೆ. ಆದ್ದರಿಂದ ಮೊದಲು ಚಿಮಣಿ ಎಣ್ಣೆ ಹಾಕಿ ಮೆತ್ತನೆಯ ಬ್ರಶ್ಶಿನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ, ಆಮೇಲೆ 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಬದಿಗೆ ಹನಿಹನಿಯಾಗಿ ಬಿಡು. ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನು ಒರೆಸಿಬಿಡು. ಪೆಟ್ರೋಲ್ ಮತ್ತು ತಂತಿ ಬ್ರಶ್ ಬೇಡವೇ ಬೇಡ. ಚೈನಿನಲ್ಲಿ ರಬ್ಬರ್ ರಿಂಗುಗಳಿದ್ದರೆ ಎರಡೂ ಅವನ್ನು ಹಾಳು ಮಾಡುತ್ತವೆ. ನಿನ್ನ ಓಡಾಟಕ್ಕೆ ಪ್ರತಿ 500 ಕಿ.ಮೀ.ಗೆ ಒಮ್ಮೆ ಇದನ್ನು ಮಾಡಬೇಕಾಗುತ್ತದೆ. ಫರಸಿಯ ಮೇಲೆ ರಟ್ಟು ಹಾಸಿಕೊಳ್ಳುವುದನ್ನು ಮರೆತರೆ ಅವ್ವನ ಬೈಗುಳಕ್ಕೆ ನಾನು ಜವಾಬ್ದಾರನಲ್ಲ.

ಇನ್ನು ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿಗಳನ್ನು ಜೋಡಿಸುವ ಕೊಂಡಿಯ ಕ್ಲಿಪ್ಪು. ನಾನು ಒಮ್ಮೆ ಚೈನು ತೊಳೆದು ಲಾಕನ್ನು ಉಲ್ಟಾ ಹಾಕಿದ್ದೆ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ತೆರೆದ ಬಾಯಿ ಹಿಂದಕ್ಕೆ. ಹುಮನಾಬಾದ್ ದಾರಿಯಲ್ಲಿ ಕಮಲಾಪುರದ ಹತ್ತಿರ ಲಾಕ್ ಹಾರಿಹೋಗಿ, ಚೈನು ಕವರಿನೊಳಗೆ ಸುರುಳಿಯಾಗಿ ಬಿತ್ತು. ಅದೃಷ್ಟಕ್ಕೆ ಚಕ್ರ ಜಾಮ್ ಆಗಲಿಲ್ಲ. ಕೆಂಪು ಬಾಳೆಹಣ್ಣು ಮಾರುವವರ ತನಕ ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಹೋಗಿದ್ದೆ. ಅಂದಿನಿಂದ ಸೀಟಿನ ಕೆಳಗೆ ಒಂದು ಹೊಸ ಲಾಕ್ ಮತ್ತು ನೋಸ್ ಪ್ಲೈಯರ್ ಇಟ್ಟಿರುತ್ತೇನೆ, ನೀನೂ ಇಡು.

ಮೊದಲಿನ ಕಟಕಟಕ್ಕೆ ಕಾರಣ ಬರೀ ಸಡಿಲು ಇರಲಿಕ್ಕಿಲ್ಲ, ಚೈನೇ ಸವೆದಿರಬಹುದು. ನಿನ್ನದು 428 ಎಂಬ ಅಳತೆಯ ಚೈನಾದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿ.ಮೀ., ಅಂದರೆ 20 ಅಂತರಗಳಿಗೆ 254 ಮಿ.ಮೀ. ಬರಬೇಕು. ಚೈನನ್ನು ಎಳೆದು ಹಿಡಿದಾಗ ಅದು 259ರ ಹತ್ತಿರ ಹೋಗಿದ್ದರೆ, ಅಥವಾ ಹಿಂದಿನ ಸ್ಪ್ರಾಕೆಟಿನ ಹಲ್ಲುಗಳು ಒಂದೇ ಕಡೆಗೆ ಬಾಗಿ ಕೊಕ್ಕೆಯಂತೆ ಆಗಿದ್ದರೆ, ಚೈನು ಮತ್ತು ಎರಡೂ ಸ್ಪ್ರಾಕೆಟ್ ಸೇರಿ ಪೂರ್ತಿ ಸೆಟ್ ಬದಲಿಸಬೇಕು. ಬರೀ ಚೈನು ಹಾಕಿಸಿ ದುಡ್ಡು ಉಳಿಸಲು ಹೋದರೆ ಹಳೆಯ ಹಲ್ಲು ಹೊಸ ಚೈನನ್ನೂ ಬೇಗ ತಿಂದುಬಿಡುತ್ತದೆ.

ಇವತ್ತು ಸಂಜೆಯೊಳಗೆ ಆ 20 ಅಂತರಗಳ ಅಳತೆಯನ್ನೂ, ಹತ್ತಿರದಿಂದ ತೆಗೆದ ಹಲ್ಲುಗಳ ಫೋಟೋವನ್ನೂ ಇಲ್ಲಿಯೇ ಹಾಕು. ಸೆಟ್ ಬದಲಿಸಬೇಕೆಂದಾದರೆ ಶನಿವಾರ ಬೆಳಿಗ್ಗೆ ನಾನೇ ನಿನ್ನ ಜೊತೆ ಅಂಗಡಿಗೆ ಬರುತ್ತೇನೆ.