ದೊಡ್ಡವರು ಮಾತು ಬಿಟ್ಟ ಮನೆಯಲ್ಲಿ ಮಗುವಿನ ಹೊಟ್ಟೆನೋವು

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ನಮ್ಮದು ಅಡಿಕೆ ತೋಟದ ಮನೆ. ಅತ್ತೆ, ಮಾವ, ಮೈದುನನ ಸಂಸಾರ ಮತ್ತು ನಾವು ಒಟ್ಟಿಗೇ ಇದ್ದೇವೆ. ಐದನೇ ತರಗತಿಯಲ್ಲಿರುವ ನನ್ನ ಮಗನಿಗೆ ಕಳೆದ ಮಳೆಗಾಲದಿಂದ ಬೆಳಗಿನ ಹೊತ್ತು ಹೊಟ್ಟೆನೋವು ಬರುತ್ತಿದೆ. ಮಕ್ಕಳ ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವನ್ನೂ ಮಾಡಿಸಿ, ದೈಹಿಕ ಕಾರಣ ಕಾಣುತ್ತಿಲ್ಲ, ಮನೆಯ ವಾತಾವರಣವನ್ನು ಗಮನಿಸಿ ಎಂದರು. ಅತ್ತೆಯವರು ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದೂ ಆಯಿತು. ಯಜಮಾನರು ಓದಿನ ವಿಷಯದಲ್ಲಿ ಬಿಗಿ, ಆದರೆ ಮಗನ ಮೇಲೆ ಕೈ ಮಾಡಿದವರಲ್ಲ. ಎಲೆಚುಕ್ಕಿ ರೋಗದಿಂದ ಫಸಲು ಕುಸಿದ ಮೇಲೆ ತೋಟದ ಪಾಲಿನ ಮಾತೆದ್ದು, ಅವರೂ ಅವರ ತಮ್ಮನೂ ಮಾತು ಬಿಟ್ಟಿದ್ದಾರೆ. ಮಕ್ಕಳ ಎದುರಿಗೆ ಜಗಳವಾಡಿಲ್ಲ. ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ, ಹೇಳುವುದೇನಾದರೂ ಇದ್ದರೆ ಮಗನ ಮೂಲಕ ಹೇಳಿಕಳುಹಿಸುತ್ತಾರೆ. ಮಗುವಿನ ನೋವಿಗೆ ತಂದೆಯ ಬಿಗಿಯೇ ಕಾರಣವೇ ಅಥವಾ ಈ ವಿರಸವೂ ಕಾರಣವಾಗಬಲ್ಲದೇ?

ಉತ್ತರ: ನಿವೃತ್ತ ಶಿಕ್ಷಕ, ಸಾಗರ

ಶಿಸ್ತನ್ನು ದೂರುವ ಮೊದಲು ಅದು ಯಾವ ಬಗೆಯ ಶಿಸ್ತು ಎಂದು ನೋಡಬೇಕಮ್ಮ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲಿ ಹೆತ್ತವರಲ್ಲಿ ಮೂರು ಬಗೆಯವರನ್ನು ಗುರುತಿಸಿದರು: ಆಜ್ಞೆಯನ್ನಷ್ಟೇ ಮಾಡುವವರು, ಎಲ್ಲಕ್ಕೂ ಸಲುಗೆ ಕೊಡುವವರು, ನಿಯಮವನ್ನು ಸಡಿಲಿಸದೆಯೇ ಅದರ ಕಾರಣವನ್ನು ಹೇಳಿ ಮಗುವಿನ ಮಾತಿಗೂ ಕಿವಿಗೊಡುವವರು. ಈ ಮೂರನೆಯವರ ಮಕ್ಕಳಲ್ಲೇ ಸ್ವಾವಲಂಬನೆ ಹೆಚ್ಚೆಂದು ಅವರು ಕಂಡರು. ಹಾಗಾಗಿ ಬಿಗಿಯೊಂದೇ ಕೆಟ್ಟದ್ದಲ್ಲ. ಇನ್ನೊಂದು ವಿಷಯ: ನೋವು ರಜೆಯಲ್ಲೂ ಬರುತ್ತದೆಯೇ? ಬರದಿದ್ದರೆ ಶಾಲೆಯಲ್ಲಿಯೋ ಬಸ್ಸಿನಲ್ಲಿಯೋ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂದು ವಿಚಾರಿಸಿ. ಮಕ್ಕಳು ಅದನ್ನು ಮನೆಯಲ್ಲಿ ತಾವಾಗಿ ಹೇಳುವುದು ಕಡಿಮೆ.

ತೋಟದಮನೆ

ರಜೆಯಲ್ಲೂ ಬರುತ್ತದೆ ಸರ್. ನನ್ನ ತವರಿಗೆ ಹೋದಾಗ ಮಾತ್ರ ಬರಲಿಲ್ಲ.

ಉತ್ತರ: ಆಪ್ತಸಮಾಲೋಚಕಿ, ಶಿವಮೊಗ್ಗ

ಹಾಗಿದ್ದರೆ ನೀವು ಪ್ರಶ್ನೆಯ ಕೊನೆಯಲ್ಲಿ ಹಾಗೇ ಹೇಳಿ ಮುಂದೆ ಸಾಗಿದ ಸಂಗತಿಯೇ, ಅಂದರೆ ಮಗನ ಮೂಲಕ ಹೇಳಿಕಳುಹಿಸುವುದೇ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅಪ್ಪಯ್ಯನ ಮಾತನ್ನು ಚಿಕ್ಕಪ್ಪನಿಗೆ ಮುಟ್ಟಿಸಿ, ಅಲ್ಲಿಯ ಸಿಡುಕನ್ನು ತಾನೇ ಎದುರಿಸಿ, ಉತ್ತರವನ್ನು ಎಷ್ಟು ಮೆತ್ತಗೆ ಮಾಡಿ ಹೇಳಬೇಕೆಂದು ಲೆಕ್ಕ ಹಾಕುವ ಕೆಲಸ ಹತ್ತು ವರ್ಷದ ಹುಡುಗನದ್ದಲ್ಲ. ಇಬ್ಬರೂ ಅವನಿಗೆ ಬೇಕಾದವರೇ ಆಗಿರುವುದರಿಂದ ಅವನು ಯಾರ ಪಕ್ಷವನ್ನೂ ವಹಿಸಲಾರ. ಕುಟುಂಬ ಚಿಕಿತ್ಸೆಯ ಪ್ರವರ್ತಕರಲ್ಲೊಬ್ಬರಾದ ಸಾಲ್ವಡಾರ್ ಮಿನೂಚಿನ್, ದೊಡ್ಡವರ ವಿರಸದ ನಡುವೆ ಸಿಕ್ಕಿಕೊಂಡ ಮಕ್ಕಳಲ್ಲಿ ಆ ಒತ್ತಡವು ದೈಹಿಕ ತೊಂದರೆಯಾಗಿ ಕಾಣಿಸಿಕೊಳ್ಳುವುದನ್ನು 1970ರ ದಶಕದಲ್ಲೇ ವಿವರಿಸಿದ್ದರು.

ಎದುರಿಗೆ ಜಗಳವಾಡಿಲ್ಲ ಎಂಬುದು ನೀವು ಭಾವಿಸಿದಷ್ಟು ರಕ್ಷಣೆ ಕೊಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಮತ್ತು ಅವರ ಸಂಗಡಿಗರ ಅಧ್ಯಯನಗಳಲ್ಲಿ ಮಕ್ಕಳು ಬಾಯಿಬಿಟ್ಟು ಆಡಿದ ಜಗಳಕ್ಕೆ ಮಾತ್ರವಲ್ಲ, ಮುಖ ತಿರುಗಿಸಿಕೊಂಡ ಮೌನದ ಸಿಟ್ಟಿಗೂ ಕಳವಳಗೊಂಡಿದ್ದರು. ಜಗಳ ಬಗೆಹರಿದುದನ್ನು ಕಂಡಾಗ ಆ ಕಳವಳ ಗಣನೀಯವಾಗಿ ಇಳಿಯುತ್ತಿತ್ತು. ನಿಮ್ಮ ಮಗ ಜಗಳವನ್ನೂ ನೋಡಿಲ್ಲ, ಅದು ಮುಗಿದುದನ್ನೂ ನೋಡಿಲ್ಲ. ನಡುವೆ ಏನಾಗಿದೆಯೋ ಅದನ್ನು ತಾನೇ ಊಹಿಸಿಕೊಳ್ಳುತ್ತಿದ್ದಾನೆ, ಬಹುಶಃ ತನ್ನಿಂದಲೇ ಆಯಿತೇನೋ ಎಂದೂ.

ಆ ನೋವು ನಟನೆಯಲ್ಲ. ಮನಸ್ಸಿನ ಒತ್ತಡದಲ್ಲಿ ಕರುಳಿನ ಚಲನೆಯೂ ನೋವನ್ನು ಗ್ರಹಿಸುವ ನರಗಳ ಸೂಕ್ಷ್ಮತೆಯೂ ಬದಲಾಗುತ್ತವೆ, ಆದ್ದರಿಂದ ಸುಮ್ಮನೆ ನಾಟಕ ಮಾಡಬೇಡ ಎಂಬ ಮಾತು ಮನೆಯಲ್ಲಿ ಯಾರಿಂದಲೂ ಬರಬಾರದು. ತೂಕ ಇಳಿದರೆ, ನೋವಿನಿಂದ ರಾತ್ರಿ ಎಚ್ಚರವಾದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಪದೇ ಪದೇ ವಾಂತಿಯಾದರೆ ಮತ್ತೆ ಮಕ್ಕಳ ವೈದ್ಯರಿಗೇ ತೋರಿಸಿ.

ಉತ್ತರ: ಕೊಪ್ಪದ ಓದುಗ

ನನ್ನ ಅಭಿಪ್ರಾಯ ಬೇರೆ. ಪಾಲು ಮಾಡಿಕೊಂಡು ಬೇರೆ ಒಲೆ ಹೂಡಿದರೆ ಎಲ್ಲವೂ ಸರಿಹೋಗುತ್ತದೆ. ಒಟ್ಟು ಕುಟುಂಬವನ್ನು ಹೊಗಳುವವರು ಅದರೊಳಗಿನ ಉಸಿರುಕಟ್ಟನ್ನು ಹೇಳುವುದೇ ಇಲ್ಲ.

ಉತ್ತರ: ಆಪ್ತಸಮಾಲೋಚಕಿ, ಶಿವಮೊಗ್ಗ

ಬೇರೆಯಾಗುವುದು ತಪ್ಪೆಂದು ನಾನೂ ಹೇಳುವುದಿಲ್ಲ. ಆದರೆ ಪಾಲಿನ ಇತ್ಯರ್ಥಕ್ಕೆ ವರ್ಷಗಳೇ ಹಿಡಿಯಬಹುದು, ಮಗು ಅಲ್ಲಿಯವರೆಗೆ ಕಾಯಲಾರದು. ಇಂದೇ ಮಾಡಬಹುದಾದದ್ದು ಎಂದರೆ ಅವನ ಮೂಲಕ ಮಾತು ಕಳುಹಿಸುವುದನ್ನು ನಿಲ್ಲಿಸುವುದು. ಅಣ್ಣತಮ್ಮಂದಿರು ಫೋನಿನಲ್ಲಿ ಒಂದು ಸಾಲು ಬರೆದುಕೊಂಡರೂ ಸಾಕು. ಅನಂತರ ಯಜಮಾನರೇ ಮಗನೊಂದಿಗೆ ಕುಳಿತು, ತೋಟದ ವಿಷಯದಲ್ಲಿ ನನಗೂ ಚಿಕ್ಕಪ್ಪನಿಗೂ ಮನಸ್ತಾಪವಿದೆ, ಅದು ನಿನ್ನಿಂದ ಆದದ್ದಲ್ಲ, ನೀನು ಚಿಕ್ಕಪ್ಪನ ಮಕ್ಕಳೊಡನೆ ಮೊದಲಿನಂತೆಯೇ ಆಡಬಹುದು ಎಂದು ಹೇಳಲಿ. ತಾಯಿ ಹೇಳಿದರೆ ಇದು ಸಮಾಧಾನದ ಮಾತಾಗಿ ಮಾತ್ರ ಕೇಳಿಸುತ್ತದೆ. ಸಾಧ್ಯವಾದರೆ ಮೈದುನನೂ ಇದನ್ನೇ ಹೇಳಲಿ.

ಕೆಲವು ವಾರಗಳಲ್ಲಿ ನೋವು ತಗ್ಗದಿದ್ದರೆ ಅಥವಾ ಅವನು ಶಾಲೆಯನ್ನೇ ತಪ್ಪಿಸತೊಡಗಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆತನ್ನಿ. ಘಾಟಿ ಮಳೆಯಲ್ಲಿ ಬರಲಾಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮೊದಲ ಸಲ ಅವನನ್ನು ಬಿಟ್ಟು ನೀವಿಬ್ಬರೇ ಮಾತನಾಡಿದರೂ ಆಗುತ್ತದೆ.