ಲೇಸರ್‌ನಲ್ಲಿ ಕೂದಲು ತೆಗೆಸುವಾಗ ನೋವು ಎಷ್ಟು, ತಡೆಯೋದು ಹೇಗೆ? ಮೈಸೂರು–ಮಂಡ್ಯದಲ್ಲಿ ಮಾಡಿಸಿದವರು ಹೇಳಿ

ಗುತ್ತಲು ರೋಡ್:
ಮಂಡ್ಯದಿಂದ ಬರೀತಿದೀನಿ. ಗದ್ದ, ಕಂಕುಳು, ಮೊಣಕಾಲಿಂದ ಕೆಳಗೆ ಲೇಸರ್ ಮಾಡಿಸಬೇಕು ಅಂತ ಇದೆ. ಬಣ್ಣ ಎಣ್ಣೆಗೆಂಪು, ಗದ್ದದ ಕೂದಲು ದಪ್ಪ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ. ಮೈಸೂರಲ್ಲಿ ಎರಡು ಕಡೆ ವಿಚಾರಿಸಿದೆ. ಒಂದು ಕಡೆ ಡಯೋಡ್ ಅನ್ನೋ ಲೇಸರ್ ಮಿಷಿನ್, ನೋವೇ ಇರಲ್ಲ ಅಂತಾರೆ. ಇನ್ನೊಂದು ಕಡೆ ಯಾಗ್ ಅನ್ನೋ ಬೇರೆ ಬಗೆಯ ಲೇಸರ್, ಸ್ವಲ್ಪ ತಡ್ಕೋಬೇಕು ಅಂತಾರೆ. ನನಗೆ ನೋವು ತಡೆಯೋ ಶಕ್ತಿ ಕಮ್ಮಿ. ಮರಗಟ್ಟೋ ಕ್ರೀಮ್ ಮನೇಲೇ ಹಚ್ಕೊಂಡು ಹೋಗಬಹುದಾ?

ಸರಸ್ವತಿಪುರಂ ಯಾಗ್:
ನೋವೇ ಇರಲ್ಲ ಅಂದ ಕಡೆ ಕಾಲಿಡಬೇಡಿ. ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರ್ ಅಲೆಯ ಯಾಗೇ ಸರಿ. ಆ ಬೆಳಕನ್ನು ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡೋ ಮೆಲನಿನ್ ಕಮ್ಮಿ ಹೀರುತ್ತೆ. ಹಾಗಾಗಿ ಮೇಲಿನ ಚರ್ಮ ಸುಡದೆ ಬೆಳಕು ಆಳಕ್ಕೆ ಇಳಿಯುತ್ತೆ. ಕೂದಲಿನ ಬುಡವೂ ಕಮ್ಮಿಯೇ ಹೀರೋದರಿಂದ ಜೂಲ್, ಅಂದರೆ ಬೆಳಕಿನ ಶಕ್ತಿ, ಜಾಸ್ತಿ ಕೊಡಬೇಕು, ನೋವು ಬರೋದು ಅಲ್ಲಿಂದ. ನನ್ನ ಗದ್ದಕ್ಕೆ 12 ಮಿಲಿಮೀಟರ್ ಸ್ಪಾಟ್ (ಒಂದು ಹೊಡೆತ ಬೀಳೋ ಜಾಗದ ಅಗಲ), 30 ಮಿಲಿಸೆಕೆಂಡ್ ಪಲ್ಸ್ (ಒಂದು ಹೊಡೆತದ ಹೊತ್ತು), ಚದರ ಸೆಂಟಿಮೀಟರಿಗೆ 32ರಿಂದ 36 ಜೂಲ್. ಒಗ್ಗರಣೆ ಎಣ್ಣೆ ಸಿಡಿದ ಹಾಗೆ ಇರುತ್ತೆ, ಮರುಕ್ಷಣ ಹೋಗುತ್ತೆ. ತಣ್ಣನೆ ಗಾಳಿ ಊದೋ ಯಂತ್ರದ ಪೈಪು ಹೊಡೆತಕ್ಕೆ ಮುಂಚೆಯೂ ಆಮೇಲೂ ಅದೇ ಜಾಗದ ಮೇಲೆ ನಿಲ್ಲಬೇಕು. ಮಿಷಿನ್ ಹಿಡಿದ ಹುಡುಗಿ ಪೈಪನ್ನು ಗೋಡೆಗೆ ಹಿಡಿದು ಮಾತಾಡ್ತಿದ್ದರೆ ಕೈ ಎತ್ತಿ ನಿಲ್ಲಿಸಿ.

ಖರ್ಚು ಕೇಳಿ. ಗದ್ದಕ್ಕೆ ಒಂದು ಸಲಕ್ಕೆ 2,200. ಆರು ಸಲದ ಪ್ಯಾಕೇಜ್ 11,000, ಜಿಎಸ್‌ಟಿ ಬೇರೆ, ಡಾಕ್ಟರ್ ಫೀಸು 500 ಬೇರೆ. ಶೇವಿಂಗ್ ಅಲ್ಲೇ ಮಾಡಿದರೆ 250, ಗಾಗಲ್ ಒರೆಸೋ ಟಿಶ್ಯೂಗೂ ಬಿಲ್ ಹಾಕಿಲ್ಲ ಅನ್ನೋದೇ ಪುಣ್ಯ. ಪ್ಯಾಕೇಜಿನ ಅವಧಿ ಒಂದೇ ವರ್ಷ. ಪಿಸಿಓಡಿ ಇರೋರಿಗೆ ಆರಕ್ಕೆ ಮುಗಿಯೋದು ಅಪರೂಪ. ಉಳಿದದ್ದಕ್ಕೆ ಮತ್ತೆ ಹೊಸ ರೇಟು. ಪ್ಯಾಕೇಜ್ ಬೇಡ, ಸಲ ಸಲಕ್ಕೆ ಕೊಡಿ.

ಕುವೆಂಪುನಗರ ಡಯೋಡ್:
ನಿಮಗೆ ಗೊತ್ತಿರೋದು ಒಂದೇ ಮಿಷಿನ್ ಅಂತ ಬೇರೆಯವೆಲ್ಲ ಮೋಸ ಅನ್ನಬೇಡಿ. ಡಯೋಡ್ 808 ಅಥವಾ 810 ನ್ಯಾನೋಮೀಟರ್. ಕೆಲಸ ಮಾಡೋ ರೀತಿ ಎರಡು. ಒಂದು, ಮುದ್ರೆ ಒತ್ತಿದ ಹಾಗೆ ಒಂದೊಂದೇ ಜಾಗಕ್ಕೆ ಜೋರು ಹೊಡೆತ. ಇನ್ನೊಂದು, ಜೆಲ್ ಮೇಲೆ ಜಾರಿಸ್ತಾ ಸೆಕೆಂಡಿಗೆ ಹತ್ತು ಸಣ್ಣ ಹೊಡೆತ, ಒಂದೊಂದಕ್ಕೆ 6ರಿಂದ 10 ಜೂಲ್, ಅದೇ ಜಾಗಕ್ಕೆ ಮತ್ತೆ ಮತ್ತೆ. ನೋವಿಲ್ಲ ಅನ್ನೋರು ಹೇಳೋದು ಈ ಎರಡನೇದು. ಶುರುವಿನಲ್ಲಿ ಬರೀ ಬೆಚ್ಚಗೆ, ಕೊನೆಯ ಸುತ್ತುಗಳಲ್ಲಿ ಶಾಖ ಕೂಡಿಕೊಂಡು ಚುರುಕ್ ಅನ್ನುತ್ತೆ. ಆ ಚುರುಕ್ ಬರೋಕೆ ಮುಂಚೆಯೇ ಮುಗಿಸಿದರೆ ದುಡ್ಡು ದಂಡ.

ಮಿಷಿನ್ ತುದಿಯ ನೀಲಮಣಿ ಗಾಜು ಸುಮಾರು 5 ಡಿಗ್ರಿಗೆ ತಣ್ಣಗಿರಬೇಕು. ಮುಟ್ಟಿದರೆ ಫ್ರಿಜ್ಜಿನ ಗಾಜಿನ ಲೋಟ ಅನ್ನಿಸದಿದ್ದರೆ ಶುರು ಮಾಡಲು ಬಿಡಬೇಡಿ. ಗಾಜು ಪೂರ್ತಿ ಒತ್ತಿ ಕೂರೋದು ಮುಖ್ಯ. ಮೊಣಕಾಲ ಮುಂದಿನ ಮೂಳೆ, ಕಾಲ ಗಂಟು, ದವಡೆಯ ಅಂಚು, ಇಲ್ಲೆಲ್ಲ ಗಾಜಿನ ಒಂದು ಮೂಲೆ ಎದ್ದಿರುತ್ತೆ. ತಂಪು ತಾಗದ ಆ ಮೂಲೆಯಲ್ಲೇ ಉರಿ. ಚರ್ಮವನ್ನು ಪಕ್ಕಕ್ಕೆ ಎಳೆದು ಮಾಂಸದ ಮೇಲೆ ತಂದು ಹೊಡೀಬೇಕು. ಸುಟ್ಟ ಕೂದಲ ಚೂರು ಗಾಜಿಗೆ ಅಂಟಿದರೆ ಬೆಳಕನ್ನು ಅದೇ ಹೀರಿ ಕಾದು ಚರ್ಮಕ್ಕೆ ಚುಕ್ಕೆ ಹಾಕುತ್ತೆ. ನಡುನಡುವೆ ಒರೆಸುತ್ತಾರಾ ನೋಡಿ. ಎರಡೂ ಕಾಲಿಗೆ ಕೆಳಭಾಗ ಮಾತ್ರ 4,500 ಕೊಟ್ಟಿದೀನಿ. ಸರಸ್ವತಿಪುರಂನೋರು ಗದ್ದಕ್ಕೇ ಅದರ ಅರ್ಧ ಕೊಟ್ಟು ನಮಗೆ ಬುದ್ಧಿ ಹೇಳ್ತಿದಾರೆ.

ಸರಸ್ವತಿಪುರಂ ಯಾಗ್:
ಗದ್ದಕ್ಕೆ ಆ ಜಾರಿಸೋ ಕೆಲಸ ಮಾಡಿಸಿದವರ ದವಡೆ ಪಕ್ಕ ಹೊಸ ಕೂದಲು ಎದ್ದಿರೋದನ್ನ ನೀವು ನೋಡಿಲ್ಲ ಅನ್ಸುತ್ತೆ. ಕಡಿಮೆ ಶಾಖ ತಾಗಿದ ಕೂದಲು ಸಾಯದೆ ಎಚ್ಚರಗೊಳ್ಳುತ್ತೆ. ಮುಖ, ಕತ್ತು, ಕಂದು ಬಣ್ಣ, ಹಾರ್ಮೋನ್ ತೊಂದರೆ ಇರೋರಿಗೇ ಇದು ಹೆಚ್ಚು. ಅಂದರೆ ಪ್ರಶ್ನೆ ಕೇಳಿದವರಿಗೇ. ದಪ್ಪ ಕೂದಲಿರೋ ಜಾಗ ಬಿಟ್ಟು ಕೆನ್ನೆಯ ನುಣುಪು ರೋಮಕ್ಕೆ ಹೊಡೆಸಲೇಬೇಡಿ, ಸುತ್ತ ತಣ್ಣನೆ ಪ್ಯಾಕ್ ಇಡಿಸಿ.

ಕುವೆಂಪುನಗರ ಡಯೋಡ್:
ಯಾಗಲ್ಲೂ ಆಗುತ್ತೆ ಅದು. ಯಾವ ಮಿಷಿನ್ ಅನ್ನೋದಕ್ಕಿಂತ ಎಷ್ಟು ಜೂಲ್ ಇಟ್ಟರು ಅನ್ನೋದನ್ನ ಕೇಳಿ.

ಮಿಷಿನ್ ಹಿಡಿಯೋಳು:
ಇಬ್ಬರೂ ಸ್ವಲ್ಪ ಸುಮ್ಮನಿರ್ತೀರಾ? ದಿನಾ ಇದೇ ಕೆಲಸ ನಂದು. ನೋವು ತರೋದರಲ್ಲಿ ಮೊದಲನೇದು ಶೇವಿಂಗ್. ಚರ್ಮದ ಮೇಲೆ ಒಂದು ಮಿಲಿಮೀಟರ್ ಕೂದಲು ಉಳಿದರೂ ಮೇಲೇ ಹೊತ್ತಿ ಉರಿಯುತ್ತೆ, ಬುಡಕ್ಕೆ ಹೋಗಬೇಕಾದ ಶಾಖ ಅಲ್ಲೇ ಖರ್ಚು. ಹಿಂದಿನ ದಿನ ಸಂಜೆ ಹೊಸ ಬ್ಲೇಡಲ್ಲಿ ನುಣ್ಣಗೆ ಮಾಡ್ಕೊಂಡು ಬನ್ನಿ. ಅವತ್ತೇ ಬೆಳಿಗ್ಗೆ ಮಾಡಿದರೆ ಗೀರು ಹಸಿಯಾಗಿರುತ್ತೆ, ಜೆಲ್ಲೇ ಉರಿಯುತ್ತೆ. ಟ್ರಿಮ್ಮರ್ ಸಾಲದು. ವ್ಯಾಕ್ಸ್, ದಾರ, ಚಿಮಟ ನಾಲ್ಕು ವಾರ ಮುಂಚಿಂದಲೇ ಬೇಡ. ಬುಡವೇ ಕಿತ್ತು ಹೋಗಿದ್ದರೆ ಲೇಸರಿಗೆ ಹಿಡಿಯೋಕೆ ಏನೂ ಇರಲ್ಲ.

ಮೊದಲ ದಿನವೇ ಪೂರ್ತಿ ಮಾಡಿ ಅನ್ನಬೇಡಿ. ಕಿವಿ ಕೆಳಗೆ ದವಡೆ ಹತ್ತಿರ ಮೂರ್ನಾಲ್ಕು ಹೊಡೆತದ ಪರೀಕ್ಷೆ, ಆಮೇಲೆ ಕನಿಷ್ಠ 48 ಗಂಟೆ ಕಾಯೋದು. ನಮ್ಮ ಬಣ್ಣದಲ್ಲಿ ಸುಟ್ಟದ್ದು ತಡವಾಗಿ ಕಾಣುತ್ತೆ. ಹೊಡೆದ ಕೆಲವು ನಿಮಿಷದಲ್ಲಿ ಕೂದಲ ಬುಡದ ಸುತ್ತ ಸಣ್ಣ ಗಂಧೆ ಎದ್ದರೆ ಸರಿಯಾಗಿ ತಾಗಿದೆ ಅಂತ. ಚರ್ಮ ಬೂದಿ ಬಣ್ಣಕ್ಕೆ ತಿರುಗಿದರೆ, ನೀರುಗುಳ್ಳೆ ಬಂದರೆ ಜಾಸ್ತಿ ಆಗಿದೆ. ನೋವಲ್ಲೂ ಹಾಗೇ. ಚಟ್ ಅಂತ ಬಂದು ಹೋಗೋದು ಸರಿ. ಹೊಡೆದ ಮೇಲೂ ಉರಿ ಏರ್ತಾನೇ ಇದ್ದರೆ 'ನಿಲ್ಸಿ' ಅನ್ನಿ, ನಾಚ್ಕೋಬೇಡಿ. ಇದಕ್ಕೇ ನಾನು ಮರಗಟ್ಟೋ ಕ್ರೀಮಿನ ವಿರೋಧಿ. ಹೇಳಬೇಕಾದ ನೋವೇ ಸತ್ತು ಹೋಗಿರುತ್ತೆ.

ಔಷಧಿ ಅಂಗಡಿ:
ಕ್ರೀಮಿನ ವಿಷಯ ನಾನು ಹೇಳ್ತೀನಿ. ಅದರಲ್ಲಿ ಲಿಡೋಕೇನ್ 2.5 ಪರ್ಸೆಂಟ್, ಪ್ರಿಲೋಕೇನ್ 2.5 ಪರ್ಸೆಂಟ್. ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಿ ಒಂದು ಗಂಟೆ ಬಿಟ್ಟರೆ ಮೇಲಿನ ಕೆಲವು ಮಿಲಿಮೀಟರ್ ಮರಗಟ್ಟುತ್ತೆ, ಹತ್ತು ನಿಮಿಷಕ್ಕೆ ಏನೂ ಆಗಲ್ಲ. ಆಮೇಲೆ ಒಣ ಬಟ್ಟೆ, ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ. ಪದರ ಉಳಿಯಬಾರದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಪೂರ್ತಿ ಆರಬೇಕು, ಅದಕ್ಕೆ ಬೆಂಕಿ ಹತ್ತುತ್ತೆ. ಗದ್ದ, ಕಂಕುಳಿನಂಥ ಸಣ್ಣ ಜಾಗಕ್ಕೆ, ಡಾಕ್ಟರ್ ಬರೆದ ಅಳತೆಗೆ, ಸರಿ. ಕಾಲಿಗೆ ಮನೇಲಿ ಹಚ್ಕೊಂಡು ಹೋಗೋದು ಖಂಡಿತ ಬೇಡ.

ಮದ್ದೂರು ಐಪಿಎಲ್:
ಎರಡೂ ಕಾಲಿಗೆ ಮೂರು ಟ್ಯೂಬ್ ಹಚ್ಚಿ, ಅಡುಗೆಮನೆ ಪ್ಲಾಸ್ಟಿಕ್ ಹಾಳೆ ಸುತ್ಕೊಂಡು, ಮದ್ದೂರಿಂದ ಬಸ್ಸಲ್ಲಿ ಹೋಗ್ತಿದ್ದೆ. ಏನೂ ಆಗಿಲ್ಲ. ಸುಮ್ನೆ ಹೆದರಿಸ್ಬೇಡಿ.

ಔಷಧಿ ಅಂಗಡಿ:
ಅಕ್ಕಾ, ಸಿಟ್ಟಾಗಬೇಡಿ, ಆದರೆ ಇದನ್ನ ಓದಿ ಯಾರಾದರೂ ಅನುಸರಿಸಿದರೆ? ಅಮೆರಿಕದಲ್ಲಿ ಇದೇ ಲೇಸರಿಗಾಗಿ ಕಾಲಿಗೆಲ್ಲ ಜೋರು ಮರಗಟ್ಟೋ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ಕೊಂಡ ಇಬ್ಬರು ಯುವತಿಯರು ಫಿಟ್ಸ್ ಬಂದು, ಕೋಮಾಗೆ ಹೋಗಿ ತೀರಿಕೊಂಡರು. ಅಲ್ಲಿನ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ಜಾಗ ದೊಡ್ಡದಾದಷ್ಟೂ, ಮುಚ್ಚಿದಷ್ಟೂ, ಬಸ್ಸಿನ ಸೆಕೆಗೆ ಮೈ ಬೆಚ್ಚಗಾದಷ್ಟೂ, ಆಗತಾನೆ ಶೇವ್ ಮಾಡಿದ ಚರ್ಮ ಆದಷ್ಟೂ ಔಷಧಿ ರಕ್ತಕ್ಕೆ ಇಳಿಯೋದು ಜಾಸ್ತಿ. ಪ್ರಿಲೋಕೇನ್ ಅತಿಯಾದರೆ ರಕ್ತ ಆಮ್ಲಜನಕ ಹೊರೋ ಶಕ್ತಿ ಕಮ್ಮಿಯಾಗುತ್ತೆ, ತುಟಿ ನೀಲಿಯಾಗುತ್ತೆ. ಕಾಲಿಗೆ ತಂಪು ಗಾಳಿ ಸಾಕು. ಬೇಕೇ ಬೇಕು ಅಂದರೆ ಡಾಕ್ಟರನ್ನ ಕೇಳಿ ಮುಕ್ಕಾಲು ಗಂಟೆ ಮುಂಚೆ ಪ್ಯಾರಾಸಿಟಮಾಲ್ 650.

ಮದ್ದೂರು ಐಪಿಎಲ್:
ಸರಿ ಬುಡಿ. ಅದುಕ್ಕೇ ಈಗ ಮನೇಲೇ ಹೊಡ್ಕೊಳೋ ಐಪಿಎಲ್ ಮಿಷಿನ್ ತಗೊಂಡಿದೀನಿ, ನೋವೇ ಇಲ್ಲ.

ಮಿಷಿನ್ ಹಿಡಿಯೋಳು:
ಐಪಿಎಲ್ ಲೇಸರೇ ಅಲ್ಲ. ಒಂದೇ ಅಲೆಯ ಬೆಳಕಲ್ಲ, ಹಲವು ಅಲೆಗಳು ಬೆರೆತ ಬೆಳಕು. ಆ ಬೆರಕೆಯನ್ನ ಕಂದು ಚರ್ಮ ಮೇಲೇ ಹೀರ್ಕೊಳ್ಳುತ್ತೆ. ಚರ್ಮ ಕಪ್ಪು ಅಂತ ಕಂಡರೆ ಹೊಡೆಯದ ಹಾಗೆ ಮನೆ ಮಿಷಿನ್ನಿಗೆ ಸೆನ್ಸರ್ ಇಟ್ಟಿರ್ತಾರೆ. ನಿಮ್ಮದು ಕಂಕುಳಲ್ಲಿ ಹೊಡೀತಿಲ್ಲ ಅಂದರೆ ಕೆಟ್ಟಿಲ್ಲ, ಬೇಡ ಅಂತಿದೆ. ಸೆನ್ಸರಿಗೆ ಬಿಳಿ ಕಾಗದ ತೋರಿಸಿ ಮೋಸ ಮಾಡೋ ವಿಡಿಯೊ ನೋಡಿ ಮಾಡಬೇಡಿ.

ವಿವಿ ರೋಡ್ ದಾರ:
ನಮ್ ಪಾರ್ಲರಿಗೆ ಲೇಸರ್ ಮುಗುಸ್ಕೊಂಡೋರೇ ವಾಪಸ್ ಬತ್ತಾರೆ ಕಣ್ರೀ. ಪಿಸಿಓಡಿ ಇರಗಂಟ ಗದ್ದದಲ್ಲಿ ಬತ್ತಾನೇ ಇರ್ತದೆ. ಇಪ್ಪತ್ತು ಸಾವ್ರ ಸುರಿಯೋ ಬದ್ಲು ದಾರದಲ್ಲಿ ತೆಗುಸ್ಕೊಳಿ, ಐವತ್ತು ರೂಪಾಯಿ. ಬೆಳ್ಳಗಾಗಿರೋ ಕೂದ್ಲಿಗಂತೂ ನಿಮ್ ಲೇಸರ್ ಏನೂ ಮಾಡಕಾಗಕಿಲ್ಲ.

ಸರಸ್ವತಿಪುರಂ ಯಾಗ್:
ವಾರ ವಾರ ಐವತ್ತು, ವರ್ಷಕ್ಕೆ 2,600. ಹತ್ತು ವರ್ಷಕ್ಕೆ ಲೆಕ್ಕ ಹಾಕಿ. ಜೊತೆಗೆ ಒಳಕ್ಕೆ ಬೆಳೆದ ಕೂದಲು, ಕಪ್ಪು ಚುಕ್ಕೆ ಉಚಿತ.

ವಿವಿ ರೋಡ್ ದಾರ:
ನೀವು ಆರು ಸಲ ಅಂತ ಸೇರಿ ಈಗೂ ಹೋಯ್ತಾನೇ ಇಲ್ವಾ?

ಮಿಷಿನ್ ಹಿಡಿಯೋಳು:
ಬಿಳಿ ಕೂದಲಿನ ಮಾತು ನಿಜ. ಹೀರೋಕೆ ಬಣ್ಣ ಇಲ್ಲ, ಅದಕ್ಕೆ ಬುಡಕ್ಕೆ ಸೂಜಿ ಹಾಕಿ ಕರೆಂಟ್ ಕೊಡೋ ಎಲೆಕ್ಟ್ರಾಲಿಸಿಸ್ ಒಂದೇ. ಪಿಸಿಓಡಿಗೆ ಮಾತ್ರೆ ಬೇರೆ ನಡೀಬೇಕು, ಲೇಸರ್ ಹಾರ್ಮೋನ್ ಮುಟ್ಟಲ್ಲ. ಗದ್ದಕ್ಕೆ ನಾಲ್ಕರಿಂದ ಆರು ವಾರ, ಕಾಲಿಗೆ ಆರರಿಂದ ಎಂಟು ವಾರ ಅಂತರ. ನೋವು ಮೊದಲ ಸಲಗಳಲ್ಲೇ ಹೆಚ್ಚು. ಕೂದಲು ತೆಳುವಾದ ಹಾಗೆ ಇಳಿಯುತ್ತೆ. ಮೊಡವೆಗೆ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್ ತಗೋತಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ರಾತ್ರಿ ಹಚ್ಚೋ ರೆಟಿನಾಯ್ಡ್ ಕ್ರೀಮ್ ಒಂದು ವಾರ ಮುಂಚೆ ನಿಲ್ಲಿಸಿ. ಮುಟ್ಟಿಗೆ ಹತ್ತಿರದ ದಿನ ಬೇಡ, ಅವತ್ತು ತುಂಬ ಜನಕ್ಕೆ ನೋವು ಜಾಸ್ತಿ.

ಕುವೆಂಪುನಗರ ಡಯೋಡ್:
ಫಿಲ್ಟರ್ ಕಾಫಿ ಕುಡೀದೆ ಹೋಗಿ ಅಂತಾನೂ ಹೇಳಿ. ಎರಡು ಲೋಟ ಹೀರಿ ಹೋದ ದಿನ ಮೈಯೆಲ್ಲ ಚುರುಚುರು.

ಔಷಧಿ ಅಂಗಡಿ:
ಕಾಫಿ ಬಿಟ್ಟು ತಲೆನೋವು ಬರಿಸ್ಕೊಂಡು ಹೋಗೋದು ಯಾವ ಸುಖ? ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಅಷ್ಟೇ.

ಕುವೆಂಪುನಗರ ಡಯೋಡ್:
ಮಾಡಿಸ್ಕೊಳ್ಳೋರು ನಾವು. ಅಂಗಡಿ ಕಟ್ಟೆ ಮೇಲೆ ಕೂತವರಿಗೆ ಏನು ಗೊತ್ತು.

ಗುತ್ತಲು ರೋಡ್:
ಆಮೇಲಿನ ಉರಿಗೆ ಐಸ್ ಇಡಬಹುದಾ? ಅಮ್ಮ ಅರಿಶಿನ ಹಚ್ಚು ಅಂತಾರೆ. ಸ್ಕೂಟರಲ್ಲೇ ಓಡಾಡೋದು.

ಮಿಷಿನ್ ಹಿಡಿಯೋಳು:
ಐಸ್ ನೇರ ಇಡಬೇಡಿ, ತೆಳು ಪಂಚೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ, ಬಿಟ್ಟು ಮತ್ತೆ ಹತ್ತು ನಿಮಿಷ. ಅರಿಶಿನ, ನಿಂಬೆ, ಪೌಡರ್, ಡಿಯೋಡ್ರೆಂಟ್ ಎರಡು ದಿನ ಬೇಡ. ಅರಿಶಿನದ ಹಳದಿಯಲ್ಲಿ ಕೆಂಪು ಎಷ್ಟಿದೆ ಅಂತಾನೇ ಕಾಣಲ್ಲ. ಎರಡು ದಿನ ಉಗುರುಬೆಚ್ಚಗಿನ ನೀರು, ಸಡಿಲ ಹತ್ತಿ ಬಟ್ಟೆ, ಚಾಮುಂಡಿ ಬೆಟ್ಟ ಹತ್ತಿ ಬೆವರೋದು ಬೇಡ. ಗಂಧೆ ಒಂದೆರಡು ದಿನದಲ್ಲಿ ಇಳಿಯುತ್ತೆ. ಇಳಿಯದಿದ್ದರೆ, ಗುಳ್ಳೆ ಬಂದರೆ ಒಡೀಬೇಡಿ, ಡಾಕ್ಟರಿಗೆ ತೋರಿಸಿ. ಮನೇಲಿರೋ ಸ್ಟೀರಾಯ್ಡ್ ಮುಲಾಮು ನೀವೇ ಹಚ್ಕೋಬೇಡಿ. ಸ್ಕೂಟರಿಗೆ ಪೂರ್ತಿ ಕಾಲು ಮುಚ್ಚೋ ಬಟ್ಟೆ, ಮುಖಕ್ಕೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಬಿಸಿಲಿಗೆ ಕಪ್ಪಾಗಿದ್ದರೆ ಆ ಸಲ ಮುಂದಕ್ಕೆ ಹಾಕಿ. ದಸರಾ ಮೆರವಣಿಗೆ ಬಿಸಿಲಲ್ಲಿ ನಿಂತು ನೋಡಿದ ವಾರ ಬಂದು ಹೋದ ಸಲದ ಜೂಲನ್ನೇ ಕೇಳೋರಿಗೆ ನಾನು ಹೊಡೆಯಲ್ಲ. ಬೈದರೂ ಸರಿ.

ಸರಸ್ವತಿಪುರಂ ಯಾಗ್:
ಎರಡೂ ಕಡೆ ಫೋನ್ ಮಾಡಿ ಮೂರೇ ಮಾತು ಕೇಳಿ. ಮಿಷಿನ್ನಿನ ಅಲೆ ಎಷ್ಟು, ತಂಪು ಮಾಡೋದು ಹೇಗೆ, ಪ್ರತಿ ಸಲದ ಜೂಲ್ ಬರೆದ ಚೀಟಿ ಕೊಡ್ತೀರಾ. ಮೂರನೇದಕ್ಕೆ ಉತ್ತರ ಕೊಡದವರು ಡಯೋಡೇ ಆಗಲಿ ಯಾಗೇ ಆಗಲಿ, ಬೇಡ.

ಕುವೆಂಪುನಗರ ಡಯೋಡ್:
ಕೊನೆಗೂ ಡಯೋಡ್ ಅಂತ ಬಾಯಲ್ಲಿ ಬಂತಲ್ಲ.

ವಿವಿ ರೋಡ್ ದಾರ:
ಚೀಟಿ ನಾನೂ ಕೊಡ್ತೀನಿ. ಐವತ್ತು ರೂಪಾಯಿ ಅಂತ ಬರ್ಕೊಡ್ತೀನಿ, ಜಿಎಸ್‌ಟಿನೂ ಇಲ್ಲ.